ಟ್ರ್ಯಾಕ್ ಹಾಡಿದವಳು

ಫೆಬ್ರವರಿ 9

ಬೆಳಗ್ಗೆ ಎರಡು ಟ್ರ್ಯಾಕ್. ಒಂದು ಸೀರಿಯಲ್ ಟೈಟಲ್ ಸಾಂಗು, ಇನ್ನೊಂದು ಸಿನಿಮಾದ್ದು. ಸಿನಿಮಾದ್ದನ್ನ ಮುಂದಿನ ವಾರ ದೊಡ್ಡ ಗಾಯಕಿ ಬಂದು ಹಾಡ್ತಾಳೆ — ನಾನು ಹಾಡಿಟ್ಟದ್ದನ್ನ ಹೆಡ್‌ಫೋನಲ್ಲಿ ಕೇಳಿಕೊಂಡು. ಆಮೇಲೆ ನನ್ನದನ್ನ ಅಳಿಸ್ತಾರೆ. ಇಷ್ಟು ವರ್ಷದಿಂದ ಇದೇ ಕಸುಬು. ಬೇಜಾರೇನಿಲ್ಲ. ಟೈಲರ್ ಹೊಲಿದ ಬಟ್ಟೇನ ಟೈಲರೇ ಹಾಕ್ಕೊಂಡು ತಿರುಗ್ತಾನಾ...

ಮಧ್ಯಾಹ್ನ ಅಕ್ಕನ ಮನೆ. ಅವಳ ಆಲ್ಬಂ, ನಾಲ್ಕನೇ ಹಾಡು. ಬೆಡ್‌ರೂಮೇ ಈಗ ಸ್ಟುಡಿಯೋ. ಸೌಂಡ್ ಇಂಜಿನಿಯರ್ ಕಿಟಕಿಗೆ ರಜಾಯಿ ಹೊಡೆದು, ಬೀರುವಿನ ಮೇಲಿಂದ ಕಂಬಳಿ ಇಳಿಬಿಟ್ಟು, ಮಂಚದ ಪಕ್ಕ ಮೈಕ್ ನಿಲ್ಲಿಸಿದ್ದಾನೆ. ಆಕ್ಸಿಜನ್ ಮಷೀನು ಗುಂಯ್ ಅಂತಿರುತ್ತೆ, ರೆಕಾರ್ಡಿಂಗಿಗೆ ಆಗಲ್ಲ. ಹಾಗಾಗಿ ಮಷೀನ್ ಆಫ್, ಮೂಗಿನ ಪೈಪ್ ತೆಗಿ, ಒಂದು ಸಾಲು ಹಾಡು, ಪೈಪ್ ಹಾಕು, ಮಷೀನ್ ಆನ್. ಮತ್ತೆ ಮೈ ಸುಧಾರಿಸೋ ತನಕ ಕಾಯಿ. ಭಾವ ಸ್ವಿಚ್ ಪಕ್ಕ ನಿಂತಿರ್ತಾರೆ. ಕರೆಂಟ್ ಆಫೀಸಿನ ಮನುಷ್ಯ, ಸ್ವಿಚ್ಚಿಗೆ ಇವರೇ ಸರಿ ಅಂತ ಅಕ್ಕನ ಜೋಕು. ನಗೋಕೆ ಹೋಗಿ ಕೆಮ್ಮು. ಆ ಟೇಕ್ ಹೋಯ್ತು.

ಶ್ವಾಸಕೋಶ ಒಣಗಿದ ಸ್ಪಾಂಜಿನ ಹಾಗೆ ಗಟ್ಟಿಯಾಗ್ತಾ ಇದೆಯಂತೆ. ಡಾಕ್ಟರು ಹಾಡಬೇಡಿ ಅಂತ ಹೇಳಲಿಲ್ಲ. ಹಾಡಿದ್ರೂ ಹಾಡದಿದ್ರೂ ಅಷ್ಟೇ ಅನ್ನೋ ಅರ್ಥದಲ್ಲಿ ಕೈ ಆಡಿಸಿದ್ರು.

ಎಂಟೂ ಹಾಡಿಗೆ ಟ್ರ್ಯಾಕ್ ನಾನೇ ಹಾಡಿಟ್ಟಿದೀನಿ. ಅಕ್ಕ ಸ್ವರ ಹುಡುಕಾಡಿ ಉಸಿರು ಖರ್ಚು ಮಾಡಬಾರದಲ್ಲ.

ಫೆಬ್ರವರಿ 17

ಪ್ರೊಡ್ಯೂಸರ್ ಬಂದಿದ್ದ. ಅಕ್ಕನ ಹಾಡುಗಳಿಗೆ ಯಾವ್ಯಾವುದೋ ದೇಶದ ಡ್ರಮ್ಮು, ಕೊಳಲು ಸೇರಿಸಿ ತಂದಿದ್ದ. ಚೆನ್ನಾಗೇ ಇದೆ, ಸುಳ್ಳು ಹೇಳಬಾರದು. ಈ ವರ್ಷವೇ ವಿದೇಶದ ದೊಡ್ಡ ಪ್ರಶಸ್ತಿಗೆ ಕಳಿಸಬೇಕಂತೆ. ಅದಕ್ಕೆ ಜೂನ್ ಒಳಗೆ ರಿಲೀಸ್ ಆಗಿರಬೇಕಂತೆ. ವಿಭಾಗ: ಸಮಕಾಲೀನ ವಿಶ್ವ ಸಂಗೀತ ಆಲ್ಬಂ.

ಹಾಗಂದ್ರೇನು ಅಂತ ಮನೇಲಿ ಅಮ್ಮ ಕೇಳಿದಳು. ಪ್ರಶಸ್ತಿ ಕೊಡೋರಿಗೆ ಅರ್ಥವಾಗದ ಭಾಷೇಲಿ ಹಾಡಿರೋದು ಅಂದೆ. ಅಮ್ಮನಿಗೆ ನಗು ಬರಲಿಲ್ಲ. ಅವಳ ಹಾಡು ಯಾವ ಭಾಷೆಯವರಿಗೂ ಅರ್ಥವಾಗುತ್ತೆ ಅಂದಳು. ಅವಳ ಅಂದ್ರೆ ಅಕ್ಕನ. ನಮ್ಮಿಬ್ಬರಿಗೂ ಪಾಠ ಹೇಳಿದ್ದು ಅಮ್ಮನೇ. ತೀರ್ಪು ನಾನು ಲಂಗ ಹಾಕೋ ಕಾಲದಲ್ಲೇ ಆಗಿಹೋಗಿದೆ — ಸಣ್ಣವಳಿಗೆ ಗಂಟಲು ಇದೆ, ದೊಡ್ಡವಳಿಗೆ ಹಾಡು ಇದೆ. ಬಂದವರ ಮುಂದೆಲ್ಲಾ ಹೇಳ್ತಿದ್ದಳು. ಈಗಲೂ ಹೇಳ್ತಾಳೆ.

ಮಾರ್ಚ್ 3

ಐದನೇದು ಮುಗೀತು. ನಾಲ್ಕು ಸಾಲಿನ ಪಲ್ಲವಿಗೆ ಒಂದಿಡೀ ಮಧ್ಯಾಹ್ನ. ಭಾವನ ಬೆರಳು ಸ್ವಿಚ್ ಬಿಟ್ಟು ಕದಲಲಿಲ್ಲ. ಅಕ್ಕನ ಬೆರಳಿಗೆ ಹಾಕಿದ್ದ, ಆಕ್ಸಿಜನ್ ಅಳೆಯೋ ಕ್ಲಿಪ್ಪಿನ ನಂಬರ್ ಇಳಿದ ಹಾಗೆಲ್ಲಾ ಅವರ ಮುಖ ಇಳೀತಿತ್ತು. ಸಂಗೀತ ಅವರಿಗೆ ಸುತರಾಂ ಗೊತ್ತಿಲ್ಲ. ಶ್ರುತಿ ಅಂದ್ರೆ ಯಾರ ಮಗಳು ಅಂತ ಕೇಳೋ ಪೈಕಿ. ಆದ್ರೆ ಅಕ್ಕ ಸಾಲು ಮುಗಿಸೋಕೆ ಮುಂಚೆಯೇ ಕೈ ಸ್ವಿಚ್ಚಿಗೆ ಹೋಗಿರುತ್ತೆ. ಒಂದು ಸಲವೂ ತಪ್ಪಿಲ್ಲ.

ಭಾವ ಔಷಧಿ ತರೋಕೆ ಹೋದಾಗ ಅಕ್ಕ ಹತ್ತಿರ ಕರೆದಳು. ಇಂಜಿನಿಯರ್ ಹೊರಗೆ ಫೋನಲ್ಲಿದ್ದ. ಮೂಗಿಗೆ ಪೈಪ್ ಇದ್ದ ಹಾಗೇ, ಒಂದೊಂದೇ ಮಾತು.

"ಉಳಿದದ್ದು ನೀನು ಹಾಡಿಬಿಡು. ಈ ಸಲ ಅಳಿಸೋಕೆ ಬಿಡಬೇಡ. ಹೆಸರು ಹಾಕಿಸು."

ನೀನೇ ಹಾಡ್ತೀಯ, ಸುಮ್ನಿರು ಅಂದೆ. ಆ ಹೊತ್ತಿಗೆ ಬೇರೇನು ಹೇಳ್ತಾರೆ.

ಮಾರ್ಚ್ 12

ಆರನೇ ಹಾಡು. ಇವತ್ತು ಸಾಲೂ ಇಲ್ಲ, ಪದ ಪದ. ಎರಡು ಪದ, ಪೈಪ್. ಮೂರು ಪದ, ಪೈಪ್. ಇಂಜಿನಿಯರ್ ಪಾಪ, ತುಣುಕು ಸಿಕ್ಕರೆ ಸಾಕು, ಜೋಡಿಸ್ತೀನಿ ಅಂತಿದ್ದ. ಅಕ್ಕನ ದನಿ ಶ್ರುತಿ ತಪ್ಪುತ್ತಿತ್ತು. ಪಕ್ಕದಲ್ಲಿ ಕೂತು ಮೆಲ್ಲಗೆ ಜೊತೆಗೆ ಹಾಡು ಅಂದಳು. ಮಂಚದ ಮೇಲೆ ಕೂತು, ಕೈ ಹಿಡ್ಕೊಂಡು, ಅವಳ ಕಿವಿ ಹತ್ತಿರ ಹಾಡಿದೆ. ಚಿಕ್ಕಂದಿನಲ್ಲಿ ಒಂದೇ ಹೊದಿಕೆ ಒಳಗೆ, ಅಮ್ಮನಿಗೆ ಕೇಳದ ಹಾಗೆ ಹಾಡ್ತಿದ್ವಲ್ಲ, ಹಾಗೆ.

ಕೈ ತಣ್ಣಗಿತ್ತು. ಅರ್ಧಕ್ಕೆ ನಿಲ್ಲಿಸಿದ್ವಿ. ನಾಳೆ ನೋಡೋಣ ಅಂತ.

ಮಾರ್ಚ್ 29

ಮಷೀನ್ ಬಾಡಿಗೆಯವರು ಬಂದು ಮಷೀನ್ ತಗೊಂಡು ಹೋದ್ರು. ಕಿಟಕಿಯ ರಜಾಯಿ ಇನ್ನೂ ಹಾಗೇ ಇದೆ. ಯಾರಿಗೂ ತೆಗೆಯೋ ಮನಸ್ಸಿಲ್ಲ. ಆ ಗುಂಯ್ ಇಲ್ಲದೆ ಮನೆ ಬಿಕೋ ಅನ್ನುತ್ತೆ. ಭಾವ ಮಿಕ್ಸಿ ಹತ್ತಿರ ನಿಂತು ಸ್ವಿಚ್ ಹಾಕೋದು ತೆಗೆಯೋದು ಮಾಡ್ತಿದ್ರು. ಜಾರಿನಲ್ಲಿ ಏನೂ ಇರಲಿಲ್ಲ.

ಅಮ್ಮ ಊಟ ಬಿಟ್ಟಿದಾಳೆ. ಗೋಡೆ ಕಡೆ ತಿರುಗಿ ಮಲಗಿದ್ರೆ ಮಲಗಿದ್ದೇ.

ಬರೆಯೋಕಾಗ್ತಿಲ್ಲ.

ಏಪ್ರಿಲ್ 15

ಪ್ರೊಡ್ಯೂಸರ್ ಫೋನ್. ಸಮಾಧಾನದ ಮಾತೆಲ್ಲಾ ಆಡಿ, ಆಮೇಲೆ ವಿಷಯಕ್ಕೆ ಬಂದ. ಐದು ಹಾಡಿಗೆ ಆಲ್ಬಂ ಆಗಲ್ಲ. ಆರನೇದನ್ನ ಹೇಗೋ ಹೊಂದಿಸಬಹುದು. ಏಳು, ಎಂಟು ಇಲ್ಲವೇ ಇಲ್ಲ. ನಿಮ್ಮ ಟ್ರ್ಯಾಕ್ ಇದೆ, ಬಂದು ಸರಿಯಾಗಿ ಹಾಡಿಕೊಟ್ಟರೆ ನಿಮ್ಮ ಅಕ್ಕನ ಕೆಲಸ ಪೂರ್ತಿ ಆಗುತ್ತೆ ಅಂದ.

ಅಕ್ಕ ಹೇಳಿದ್ದನ್ನ ಹೇಳಿದೆ. ನನ್ನ ಹೆಸರು ಹಾಕಬೇಕು ಅಂದೆ. ಖಂಡಿತ, ಅದರಲ್ಲೇನಿದೆ ಅಂದ.

ಏಪ್ರಿಲ್ 22

ಎರಡೂ ಹಾಡಿದೆ. ಗಾಜಿನ ಆಚೆಯಿಂದ ಪ್ರೊಡ್ಯೂಸರ್ — ಸ್ವಲ್ಪ ಸುಸ್ತಾಗಿ ಹಾಡಿ, ಪದ ಮುಗಿದಾಗ ಉಸಿರು ಕೇಳಿಸಲಿ. ಆಲ್ಬಮ್ಮಿನ ಬಣ್ಣ ಒಂದೇ ಇರಬೇಕಂತೆ. ಸುಸ್ತಾಗಿ ಹಾಡೋದೇನು ಕಷ್ಟವಿರಲಿಲ್ಲ. ಅಕ್ಕನ ಗುಂಗಲ್ಲೇ ಇದ್ದೆ. ಗಂಟಲಿಗೆ ಅವಳ ದಾರಿ ಗೊತ್ತು.

ಎಂಟನೇದು ಬಸ್ ಸ್ಟಾಪಿನ ಹಾಡು. ಬರದ ಬಸ್ಸಿಗೆ ಕಾಯೋಳು. ಅಕ್ಕ ಬರೆದದ್ದು ಖಾಯಿಲೆಗೆ ಮುಂಚೆ. ಕೊನೆಯ ಸಾಲಿನ ಎಳೆತಕ್ಕೆ ಬಂದಾಗ ಸುಸ್ತು ಗಿಸ್ತು ಎಲ್ಲಾ ಮರೆತುಹೋಯ್ತು. ಒಂದೇ ಉಸಿರಲ್ಲಿ ಎಳೆದು, ಏರಿಸಿ, ಸಣ್ಣ ಮಾಡಿ, ಬಿಟ್ಟೆ. ಕಣ್ಣು ಬಿಟ್ಟರೆ ಇಂಜಿನಿಯರ್ ಕೈ ಎತ್ತಿಕೊಂಡು ಹಾಗೇ ಕೂತಿದ್ದ. ಇದು ಜಾಸ್ತಿಯಾಯ್ತು, ಅವಳಿಗೆ ಇಷ್ಟು ಉಸಿರೆಲ್ಲಿತ್ತು ಅಂದೆ. ಪ್ರೊಡ್ಯೂಸರ್ ಇರಲಿ ಅಂದ. ಮೊದಲನೇ ಸಲ ನಾನು ಹಾಡಿದ್ದನ್ನ ಯಾರೋ ಇರಲಿ ಅಂದಿದ್ದು.

ಮನೆಗೆ ನಡ್ಕೊಂಡೇ ಬಂದೆ. ಹೇಳಬಾರದು... ಖುಷಿಯಾಗಿತ್ತು.

ಜೂನ್ 6

ರಿಲೀಸ್. ಬೆಳಗ್ಗೆ ಫೋನಲ್ಲಿ ಹಾಕಿ ಅಮ್ಮನ ಕಿವಿಗೆ ಹೆಡ್‌ಫೋನ್ ಇಟ್ಟೆ. ಗೋಡೆ ಕಡೆ ತಿರುಗಿದ್ದವಳು ಎದ್ದು ಕೂತಳು. ಮಿಸುಕಾಡದೆ ಎಂಟೂ ಕೇಳಿದಳು.

ನಾನು ಅಷ್ಟರಲ್ಲಿ ಸಿಡಿ ಕವರಿನ ಹೆಸರುಗಳನ್ನ ನೋಡ್ತಿದ್ದೆ. ಗಾಯನ — ಅಕ್ಕ. ಎಂಟೂ. ಡ್ರಮ್ಮಿನವರು, ಕೊಳಲಿನವರು, ಫೋಟೋ ತೆಗೆದವನು, ಎಲ್ಲಾ ಇದ್ದಾರೆ. ನಾನು ಕೊನೇಲಿ, ವಂದನೆಗಳ ಸಾಲಲ್ಲಿ, ಆಸ್ಪತ್ರೆಯ ನರ್ಸುಗಳ ಜೊತೆ. ಮೇಲೆ ದಪ್ಪಕ್ಷರ: ಆಕ್ಸಿಜನ್ ನಳಿಕೆ ಕಳಚಿಟ್ಟು, ರೋಗಶಯ್ಯೆಯಿಂದ ಹಾಡಿದ ಎಂಟು ಹಾಡುಗಳು.

ಹೇಳೋಣ ಅಂತ ಬಾಯಿ ತೆಗೆಯೋಷ್ಟರಲ್ಲಿ ಅಮ್ಮ ಹೆಡ್‌ಫೋನ್ ತೆಗೆದಳು. ಕಣ್ಣೀರು ಗಲ್ಲದಿಂದ ಇಳೀತಿತ್ತು, ಒರೆಸಿಕೊಳ್ಳಲಿಲ್ಲ.

"ಆ ಕೊನೇ ಹಾಡು ಕೇಳಿದ್ಯಾ? ಆ ಸ್ಥಿತೀಲೂ ಉಸಿರು ಹೇಗೆ ಹಿಡಿದಿದಾಳೆ. ಅದಕ್ಕೇ ಹೇಳೋದು ನಾನು. ನಿನ್ನ ಕೈಲಾಗ್ತಿತ್ತಾ, ಹೇಳು."

ಇಲ್ಲ ಅಂದೆ.

ಮಧ್ಯಾಹ್ನ ಎದ್ದು ಬಂದು ಊಟ ಮಾಡಿದಳು. ಎರಡನೇ ಸಲ ಬಡಿಸಿಕೊಂಡಳು.

ಜೂನ್ 7

ಪ್ರೊಡ್ಯೂಸರಿಗೆ ಫೋನ್ ಮಾಡಿದೆ. ಪ್ರಿಂಟ್ ಹೋಗಿಬಿಟ್ಟಿತ್ತು ಅಂದ. ಆಮೇಲೆ, ನೀವೇ ಯೋಚನೆ ಮಾಡಿ, ಜನ ಅತ್ತು ಅತ್ತು ಮೆಸೇಜ್ ಹಾಕ್ತಿದ್ದಾರೆ, ಈಗ ಎರಡು ಹಾಡು ಅವರದ್ದಲ್ಲ ಅಂದ್ರೆ ಉಳಿದದ್ದನ್ನೂ ಯಾರು ನಂಬ್ತಾರೆ ಅಂದ. ನಿಮ್ಮ ಅಕ್ಕನೇ ಸುಳ್ಳುಗಾರ್ತಿ ಆಗ್ತಾರೆ.

ಅಕ್ಕ ಸುಳ್ಳುಗಾರ್ತಿ. ಈ ಮನುಷ್ಯನ ಬಾಯಿಗೆ ಬೀಗವಿಲ್ಲ. ಆದ್ರೂ ಸರಿ ಅಂತ ಫೋನ್ ಇಟ್ಟೆ.

ಅಡಿಗೆಮನೇಲಿ ಅಮ್ಮ ಎಂಟನೇದನ್ನ ಗುನುಗ್ತಾ ಇದ್ದಳು.

ಆಗಸ್ಟ್ 20

ಭಾವ ಬಂದಿದ್ರು. ಎರಡು ತಿಂಗಳಾಗಿತ್ತು ಮುಖ ನೋಡಿ. ಸೊರಗಿದಾರೆ. ಶರ್ಟ್ ಒಗೆದಿದ್ರು, ಇಸ್ತ್ರಿ ಇಲ್ಲ. ಅಮ್ಮ ಫೋನನ್ನ ಸ್ಪೀಕರಿಗೆ ಸಿಕ್ಕಿಸಿ ಆಲ್ಬಂ ಹಾಕಿದಳು. ಈಗ ಮನೆಗೆ ಯಾರೇ ಬಂದ್ರೂ ಹಾಕ್ತಾಳೆ. ಪಾರ್ಸೆಲ್ ತಂದವನಿಗೂ ಒಂದು ಹಾಡು ಕೇಳಿಸಿ ಕಳಿಸಿದಾಳೆ.

ಭಾವ ಕಣ್ಣು ಮುಚ್ಚಿ ಕೇಳಿದ್ರು. ಐದರವರೆಗೆ ತೊಡೆ ಮೇಲೆ ಬೆರಳು ಅಲ್ಲಾಡ್ತಿತ್ತು — ಸ್ವಿಚ್ ಹಾಕೋ ಬೆರಳು. ಆರರಲ್ಲಿ ಬೆರಳು ತಡವರಿಸ್ತು. ಏಳು ಶುರುವಾಗಿ ಎರಡು ಸಾಲು ಆಗಿರಬೇಕು, ಎದ್ದು ಕಾಫಿ ಲೋಟಗಳನ್ನ ತಗೊಂಡು ಒಳಗೆ ಹೋದ್ರು. ಎಂಟು ಮುಗಿಯೋ ತನಕ ನಲ್ಲಿ ಬಿಟ್ಟುಕೊಂಡು ಲೋಟ ತೊಳೆದ್ರು. ಎರಡೇ ಲೋಟ.

ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನನ್ನ ನೋಡಲಿಲ್ಲ. ಕೈ ಒರೆಸ್ಕೊಂಡು, ಬರ್ತೀನಿ ಅತ್ತೆ ಅಂತ ಹೊರಟ್ರು.

ನವೆಂಬರ್ 11

ನಾಮಿನೇಷನ್ ಆಯ್ತು. ಐದು ಆಲ್ಬಮ್ಮಲ್ಲಿ ನಮ್ಮದೂ ಒಂದು. ಪತ್ರಿಕೆಯವರು, ಚಾನೆಲ್ಲಿನವರು, ಮನೆ ತುಂಬಾ ವೈರು. ಅಮ್ಮ ಒಳ್ಳೇ ಸೀರೆ ಉಟ್ಟು ಕೂತು, ದೊಡ್ಡವಳು ತೊದಲೋ ವಯಸ್ಸಲ್ಲೇ ತಾಳ ತಪ್ಪದೆ ಹಾಡಿದ್ದನ್ನ ಹೇಳಿದಳು. ನೀವೂ ಹಾಡ್ತೀರಾ ಅಂತ ಒಬ್ಬಳು ನನ್ನ ಕೇಳಿದಳು. ಅಮ್ಮನೇ ಉತ್ತರ ಕೊಟ್ಟಳು — ಹಾಡ್ತಾಳೆ, ಟ್ರ್ಯಾಕ್.

ಭಾವ ಫೋನ್ ಎತ್ತಲಿಲ್ಲ.

ಜನವರಿ 26, ಹೋಟೆಲ್ ರೂಮು

ಇವತ್ತು ಆಯ್ತು. ನನಗೆ ಗೊತ್ತಿದ್ದದ್ದು ಟೀವಿಯಲ್ಲಿ ಬರೋ ಸಮಾರಂಭ. ನಮ್ಮ ವಿಭಾಗದ್ದು ಟೀವಿಗೆ ಮುಂಚೆ, ಮಧ್ಯಾಹ್ನವೇ, ಅರ್ಧ ಖಾಲಿ ಹಾಲಿನಲ್ಲಿ. ಆ ಕಡೆ ರಾತ್ರಿಯ ಸ್ಟಾರುಗಳಿಗೆ ದೀಪ ಕಟ್ಟೋರು ಏಣಿ ಹತ್ತಿ ಕೆಲಸ ಮಾಡ್ತಿದ್ರು. ವಿಶ್ವ ಸಂಗೀತದವರನ್ನೆಲ್ಲಾ ಹಿಂದಿನ ಸಾಲಲ್ಲಿ ಕೂರಿಸಿದ್ರು. ಪಕ್ಕ ಒಬ್ಬ ಮುದುಕ, ಬೇರೆ ಆಲ್ಬಮ್ಮಿನವನು, ತೊಡೆ ಮೇಲೆ ತಂತಿವಾದ್ಯ ಮಲಗಿಸ್ಕೊಂಡು ಗೊರಕೆ ಹೊಡೀತಿದ್ದ. ಭಾಷೆ ಬಾರದಿದ್ರೂ ಅವನೊಬ್ಬ ನೆಂಟನ ಹಾಗೆ ಅನ್ನಿಸ್ತು.

ಅಕ್ಕನ ಹೆಸರನ್ನ ಓದುವಾಗ ನಿರೂಪಕ ಎರಡು ಸಲ ಎಡವಿದ. ಮೂರನೇ ಸಲ ಸಾಕು ಅಂತ ನಕ್ಕ. ಜನವೂ ನಕ್ಕರು. ಗೆದ್ದಿದ್ದು ನಾವು.

ತೀರ್ಪುಗಾರರ ಮಾತು ಓದಿದ್ರು. ಎಂಟನೇ ಹಾಡಿನ ಕೊನೆಯ ಸಾಲಿನ ಬಗ್ಗೆಯೇ ಅರ್ಧ ಇತ್ತು. ಸಾವಿಗೆ ಸೋಲದ ಉಸಿರು. ಪ್ರೊಡ್ಯೂಸರ್ ಪಕ್ಕದಲ್ಲೇ ಇದ್ದ, ಚಪ್ಪಾಳೆ ತಟ್ಟುತ್ತಾ ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ.

ತಂಗಿಯಾಗಿ ಹೋಗಿ ತಗೊಂಡೆ. ಶ್ರದ್ಧಾಂಜಲಿಯಾಗಿ ಅದೇ ಹಾಡು ಹಾಡಬೇಕಿತ್ತು. ಹಾಡಿದೆ. ಸ್ಟುಡಿಯೋದಲ್ಲಿ ಹಾಡಿದ ಹಾಗೇ, ಅದೇ ಎಳೆತ, ಅದೇ ಬಿಡುಗಡೆ. ಏಣಿ ಮೇಲಿನವರು ಕೂಡ ಕೆಲಸ ನಿಲ್ಲಿಸಿ ಕೇಳಿದ್ರು.

ಜನವರಿ 27

ಏರ್‌ಪೋರ್ಟಿನಲ್ಲಿ ಪ್ರೊಡ್ಯೂಸರ್ ಯಾವುದೋ ವಿಮರ್ಶೆಯನ್ನ ಫೋನಲ್ಲಿ ಓದಿ ಹೇಳಿದ. ತಂಗಿ ಧೈರ್ಯವಾಗಿ ಹಾಡಿದಳು, ತಾಂತ್ರಿಕವಾಗಿ ಲೋಪವಿಲ್ಲ, ಆದರೆ ಮೂಲದ ಆ ನೋವು ಇದರಲ್ಲಿಲ್ಲ.

ನಗು ಬಂತು. ನಿಲ್ಲಿಸೋಕಾಗಲಿಲ್ಲ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋದ್ರು.

ಫೆಬ್ರವರಿ 2

ಟ್ರೋಫಿ ತಗೊಂಡು ಭಾವನ ಮನೆಗೆ ಹೋದೆ. ಇದು ನಿಮ್ಮ ಹತ್ತಿರ ಇರಬೇಕು ಅಂದೆ. ಒಳಗೆ ಕರೆದ್ರು, ಕೂರಿಸಿದ್ರು, ಟ್ರೋಫಿ ಮುಟ್ಟಲಿಲ್ಲ. ಕಿಟಕಿಯ ರಜಾಯಿ ಈಗ ಇಲ್ಲ. ಗೋಡೆಯಲ್ಲಿ ಮೊಳೆ ಇದ್ದ ತೂತುಗಳಿವೆ.

ಆಮೇಲೆ ನೆಲ ನೋಡ್ತಾ ಹೇಳಿದ್ರು.

"ನನಗೆ ಸಂಗೀತ ಗೊತ್ತಿಲ್ಲ ಕಣಮ್ಮ. ಅವಳ ಉಸಿರು ಗೊತ್ತು. ಅವಳು ಹಾಡಿದ್ದು ಐದು. ಆರರಲ್ಲಿ ಸ್ವಲ್ಪ. ನನಗೆ ಅಷ್ಟು ಸಾಕಿತ್ತು."

ಅಕ್ಕನೇ ಹಾಡು ಅಂದಿದ್ದಳು, ಹೆಸರು ಹಾಕಿಸು ಅಂದಿದ್ದಳು ಅಂತೆಲ್ಲಾ ಹೇಳಿದೆ. ಒಂದೇ ಸಮ ಹೇಳಿದೆ. ಕೇಳಿಕೊಂಡ್ರು. ಹಾಗಾದ್ರೆ ಹಾಕಿಸಬೇಕಿತ್ತು ಅಂದ್ರು. ಬೈಗುಳವಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು. ಗೇಟಿನ ತನಕ ಬಂದು, ಟ್ರೋಫಿ ಚೀಲಾನ ನನ್ನ ಕೈಗೆ ಕೊಟ್ಟು ಚಿಲಕ ಹಾಕ್ಕೊಂಡ್ರು.

ಫೆಬ್ರವರಿ 19

ಪ್ರೊಡ್ಯೂಸರ್ ಸ್ಟುಡಿಯೋಗೆ ಕರೆಸಿದ್ದ. ಎರಡನೇ ಆಲ್ಬಂ ಮಾಡೋಣ ಅಂದ. ಅಕ್ಕ ಬರೆದಿಟ್ಟ ಹಾಡುಗಳು ಇನ್ನೂ ಇವೆಯಲ್ಲ, ಹಳೇ ಟೇಪಿನಲ್ಲಿ ಸಿಕ್ಕವು ಅಂದ್ರಾಯ್ತು. ನೀವು ಹಾಡಿ. ಆಗಲ್ಲ ಅಂದೆ. ಹೆಸರಿನ ಆಸೆಯೂ ಬೇಡ, ಏನೂ ಬೇಡ, ಆಗಲ್ಲ. ಸರಿ, ನಿಧಾನವಾಗಿ ಯೋಚನೆ ಮಾಡಿ ಅಂದ. ಇಂಜಿನಿಯರ್ ಅಲ್ಲೇ ಇದ್ದ, ವೈರು ಸುತ್ತುತ್ತಾ, ತಲೆ ಎತ್ತಲಿಲ್ಲ.

ಮನೆಗೆ ಬಂದ್ರೆ ಅಮ್ಮ ಬಾಗಿಲಲ್ಲೇ ಕಾಯ್ತಿದ್ದಳು. ಮುಖ ಅರಳಿತ್ತು. ಆ ಪುಣ್ಯಾತ್ಮ ಅವಳಿಗೂ ಫೋನ್ ಮಾಡಿದ್ದಾನೆ. ನಿಮ್ಮ ದೊಡ್ಡ ಮಗಳ ಹಾಡುಗಳು ಇನ್ನೂ ಸಿಕ್ಕಿವೆ ಅಮ್ಮ, ನಿಮ್ಮ ಚಿಕ್ಕ ಮಗಳು ಒಪ್ಪಿಗೆ ಕೊಟ್ಟರೆ ಬೇಗ ಕೇಳಿಸ್ತೀವಿ ಅಂತ. ಯಾಕೆ ಒಪ್ತಿಲ್ಲ, ಏನು ನಿನ್ನ ತೊಂದರೆ ಅಂತ ಕೇಳಿದಳು. ಅವಳು ಹೋದ ಮೇಲಾದ್ರೂ ಅವಳ ಹಾಡನ್ನ ಹೊರಗೆ ಬಿಡಬಾರದಾ ಅಂದಳು.

ಬಟ್ಟೆ ಬದಲಾಯಿಸೋ ನೆಪದಲ್ಲಿ ರೂಮಿಗೆ ಬಂದು ಕೂತಿದೀನಿ. ಆಚೆ ಅಮ್ಮ ಯಾರಿಗೋ ಫೋನಲ್ಲಿ ಸುದ್ದಿ ಹೇಳ್ತಿದಾಳೆ.

ಫೆಬ್ರವರಿ 20

ಹೇಳಿದೆ. ಬೆಳಗ್ಗೆ, ಕಾಫಿ ಆದ ಮೇಲೆ. ಏಳು, ಎಂಟು ನಾನು ಹಾಡಿದ್ದು ಅಮ್ಮ. ಹೊಸದು ಅಂತ ಯಾವುದೂ ಸಿಕ್ಕಿಲ್ಲ. ಅವಳ ಹಾಡು ಇನ್ನಿಲ್ಲ.

ಅಮ್ಮ ನನ್ನನ್ನ ಅಡಿಯಿಂದ ಮುಡಿವರೆಗೆ ನೋಡಿದಳು. ನಿನಗೆ ಮೊದಲಿಂದಲೂ ಹೊಟ್ಟೆಕಿಚ್ಚು ಅಂದಳು. ಸತ್ತವಳ ಮೇಲೂ ಹೊಟ್ಟೆಕಿಚ್ಚಾ.

ವಾದ ಮಾಡೋಕೆ ಶಕ್ತಿ ಇರಲಿಲ್ಲ. ಅಲ್ಲೇ ನಿಂತು, ಸಿಂಕಿಗೆ ಬೆನ್ನು ಆನಿಸಿ, ಎಂಟನೇ ಹಾಡು ಹಾಡಿದೆ. ಡ್ರಮ್ಮಿಲ್ಲ, ಮೈಕಿಲ್ಲ. ಕೊನೆಯ ಸಾಲು ಎಳೆದೆ. ಅಮ್ಮ ಗುರು. ಬೇರೆ ಯಾರಿಗೆ ಗೊತ್ತಾಗದಿದ್ರೂ ಅವಳಿಗೆ ಗೊತ್ತಾಗದೆ ಇರುತ್ತಾ. ಎಳೆತ ಮುಗಿಯೋಷ್ಟರಲ್ಲಿ ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಚೆನ್ನಾಗಿದೆ ಅನ್ನಲಿಲ್ಲ. ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಎದ್ದು ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಫೆಬ್ರವರಿ 23

ಮತ್ತೆ ಗೋಡೆ ಕಡೆ. ಅನ್ನ ಹಾಗೇ ವಾಪಸ್. ಸ್ಪೀಕರ್ ವೈರು ಕಿತ್ತಿಟ್ಟಿದಾಳೆ. ಮಗಳನ್ನ ಎರಡನೇ ಸಲ ಕಳಕೊಂಡ ಹಾಗಿದೆ, ಈ ಸಲ ನನ್ನ ಕೈಯಿಂದ. ಹೇಳಬಾರದಿತ್ತಾ... ಎರಡನೇ ಆಲ್ಬಂ ಹಾಡಿಕೊಟ್ಟು, ಮೂರನೇದೂ ಹಾಡಿಕೊಟ್ಟು, ಅಮ್ಮ ಇರೋ ತನಕ ಅಕ್ಕನಾಗೇ ಇದ್ದುಬಿಡಬೇಕಿತ್ತಾ.

ಭಾವನಿಗೆ ಫೋನ್ ಮಾಡಿ ಹೇಳಿದೆ. ಆಯ್ತು ಅಂದ್ರು. ಅತ್ತೇನ ನೋಡ್ಕೋ ಅಂದ್ರು.

ಫೆಬ್ರವರಿ 25

ಸಂಜೆ ಅಮ್ಮ ಕರೆದಳು. ಮಂಚದ ಮೇಲೆ ಕೂತಿದ್ದಳು, ತಲೆ ಬಾಚಿರಲಿಲ್ಲ, ಮುಂದೆ ಫೋನು. ಕೂತ್ಕೋ, ಒಂದೊಂದಾಗಿ ಹೇಳು ಅಂದಳು.

ಮೊದಲನೇದು ಹಾಕಿದಳು. ಅಕ್ಕ ಅಂದೆ. ಎರಡನೇದು. ಅಕ್ಕ. ಮೂರು. ನಾಲ್ಕು. ಪ್ರತಿ ಸಲವೂ ಹಾಡು ಕೇಳ್ತಿರಲಿಲ್ಲ, ನನ್ನ ಮುಖ ನೋಡ್ತಿದ್ದಳು. ಐದಕ್ಕೆ ಬಂದಾಗ ಕೇಳಿದಳು.

"ಇದೂ ನೀನೇ ಅಲ್ವಾ? ನಿಜ ಹೇಳು."

ಅಲ್ಲಮ್ಮ, ನಾನು ಅಲ್ಲೇ ಇದ್ದೆ, ಅಕ್ಕನೇ ಹಾಡಿದ್ದು ಅಂದೆ. ನಂಬಲಿಲ್ಲ. ನಂಬಬೇಕು ಅಂತ ಒದ್ದಾಡ್ತಿದ್ದಳು, ಆಗ್ತಿರಲಿಲ್ಲ. ನನ್ನ ಎರಡು ಹಾಡನ್ನ ವಾಪಸ್ ತಗೊಳ್ಳೋಕೆ ಹೋಗಿ ಅಕ್ಕನ ಐದನ್ನೂ ಕಿತ್ತುಕೊಂಡೆ.

ಆರನೇದು ಹಾಕಿದಳು. ಮಂಚದ ಮೇಲೆ ಕೂತು ಹಾಡಿದ್ದು. ಶುರುವಿನ ಸಾಲು ಅಕ್ಕ, ಅದು ಖಂಡಿತ. ಎರಡನೇ ಸಾಲಿನ ಮೊದಲ ಪದವೂ ಅವಳೇ. ಆಮೇಲೆ ಇಂಜಿನಿಯರ್ ಎಲ್ಲಿಂದ ಎಲ್ಲಿಗೆ ಏನು ಜೋಡಿಸಿದ್ನೋ... ನಿಲ್ಲಿಸು, ಇನ್ನೊಂದು ಸಲ ಹಾಕು ಅಂದೆ. ಹಾಕಿದಳು. ನನ್ನ ಮೊಣಕೈ ಹಿಡ್ಕೊಂಡಿದ್ದಳು, ಗಟ್ಟಿಯಾಗಿ. ಇದು ಯಾರು, ಈ ಪದ ಯಾರದು ಅಂತ ಕೇಳ್ತಿದ್ದಳು. ಮತ್ತೆ ಹಾಕಿದಳು. ಕಣ್ಣು ಮುಚ್ಚಿ ಕೇಳಿದೆ. ಅಕ್ಕ ಅನ್ನಿಸ್ತು. ಆಮೇಲೆ ನಾನು ಅನ್ನಿಸ್ತು. ಉಸಿರು ತಗೊಳ್ಳೋದು ಕೇಳುತ್ತಲ್ಲ, ಆ ಪದಕ್ಕೆ ಮುಂಚೆ, ಅದು ಅವಳದಾ, ನನ್ನದಾ... ನನಗೇ ಗೊತ್ತಾಗಲಿಲ್ಲ.